ತಂತಿಯ ಯಾವ ಜಾಗ ಮಾತಾಡಬೇಕು?

ಗೆಳೆಯನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಬೇಸ್ ಗಿಟಾರು ತಯಾರಾಗುತ್ತಿತ್ತು. ಕುತ್ತಿಗೆ ಕೂತಾಗಿತ್ತು, ಬಿರಡೆಗಳು ಬಿಗಿದಾಗಿತ್ತು, ಕುದುರೆಗೆ ಸ್ಕ್ರೂ ಹಾಕಿ ನಾಲ್ಕು ತಂತಿ ಎಳೆದು ಶ್ರುತಿಯನ್ನೂ ಮಾಡಿದ್ದ. ಒಡಲಿನ ಹಲಗೆ ಮಾತ್ರ ಹಾಗೇ ಬರಿದಾಗಿತ್ತು. ಪಿಕಪ್ ಕೂರಿಸುವ ಗುಳಿ ಇನ್ನೂ ಕೊರೆದಿರಲಿಲ್ಲ.

"ಒಂದು ಸಲ ಉಳಿ ಬಿತ್ತು ಅಂದ್ರೆ ಮುಗೀತು ಕಣೋ. ಆಮೇಲೆ ಅಂಗುಲ ಆಚೆ, ಅಂಗುಲ ಈಚೆ ಅಂದ್ರೆ ಆಗಲ್ಲ. ಮೊದಲು ಕೇಳಿ ನೋಡೋಣ, ಬಾ" ಅಂತ ಕರೆದಿದ್ದ.

ಕೇಳುವುದಕ್ಕೆ ಅವನು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಒಂದು ಒಂಟಿ ಕಾಯಿಲ್ ಪಿಕಪ್ಪನ್ನು ಮರದ ಪಟ್ಟಿಗೆ ತಲೆಕೆಳಗಾಗಿ ಟೇಪು ಸುತ್ತಿ ಅಂಟಿಸಿ, ಆ ಪಟ್ಟಿಯನ್ನು ತಂತಿಗಳ ಮೇಲೆ ಸೇತುವೆಯ ಹಾಗೆ ಇಟ್ಟಿದ್ದ. ಎರಡು ಬದಿಗೆ ಎರಡು ಮರದ ತುಂಡುಗಳ ಆಸರೆ. ಪಿಕಪ್ಪಿಗೂ ತಂತಿಗೂ ಮೂರು ನಾಲ್ಕು ಮಿಲಿಮೀಟರ್ ಅಂತರ. ಪಿಕಪ್ಪಿಗೆ ತಂತಿಯ ಕೆಳಗಿದ್ದರೂ ಒಂದೇ, ಮೇಲಿದ್ದರೂ ಒಂದೇ. ಪಟ್ಟಿಯನ್ನು ಕುದುರೆಯ ಕಡೆಯಿಂದ ಕುತ್ತಿಗೆಯ ಕಡೆಗೆ ಸರಿಸುತ್ತಾ ಹೋದರೆ ಅದೇ ತಂತಿ, ಅದೇ ಬೆರಳು, ಅದೇ ಮೀಟು. ನಾದ ಮಾತ್ರ ಬೇರೆಯಾಗುತ್ತಾ ಹೋಯಿತು. ಕುದುರೆಯ ಪಕ್ಕದಲ್ಲಿ ಮೂಗಿನಿಂದ ಮಾತಾಡಿದ ಹಾಗೆ ತೆಳ್ಳಗೆ, ಚುರುಕಾಗಿ. ಒಂದು ಗೇಣು ಈಚೆಗೆ ಬಂದಾಗ ಎದೆಯಿಂದ ಬಂದ ದನಿಯ ಹಾಗೆ ದಪ್ಪಗೆ. ಕುತ್ತಿಗೆಯ ಅಂಚಿಗೆ ಬಂದಾಗ ಕಂಬಳಿ ಹೊದ್ದ ಹಾಗೆ ಮೆತ್ತಗೆ.

ಹೀಗೇಕೆ ಆಗುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದಾಟಿಕೊಳ್ಳಬೇಕು. ಪಿಕಪ್ ಅನ್ನುವುದು ಮೈಕು ಅಲ್ಲ. ಮೈಕಿಗೆ ಗಾಳಿಯಲ್ಲಿ ತೇಲಿ ಬಂದ ಸದ್ದು ಬೇಕು. ಪಿಕಪ್ಪಿಗೆ ಗಾಳಿಯ ಹಂಗೇ ಇಲ್ಲ. ಅದರೊಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಲೆಗೂದಲಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಹಾಯುವ ಉಕ್ಕಿನ ತಂತಿ ಆ ಕಡ್ಡಿಗಳಿಂದಾಗಿ ತಾನೂ ಸ್ವಲ್ಪ ಅಯಸ್ಕಾಂತವಾಗುತ್ತದೆ. ತಂತಿ ಅಲುಗಿದರೆ ಸುರುಳಿಯೊಳಗಿನ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ ಇದು, ಅಷ್ಟೇ. ಹಿತ್ತಾಳೆಯ ತಂತಿ ಕಟ್ಟಿ ಮೀಟಿದರೆ ಕಿವಿಗೆ ಕೇಳಿಸುತ್ತದೆ, ಪಿಕಪ್ಪಿಗೆ ಕೇಳಿಸುವುದಿಲ್ಲ.

ಇದರಿಂದ ಒಂದು ದೊಡ್ಡ ಪರಿಣಾಮವಿದೆ. ಪಿಕಪ್ಪಿಗೆ ಇಡೀ ತಂತಿ ಕಾಣುವುದೇ ಇಲ್ಲ. ಅದರ ನೇರಕ್ಕೆ ಇರುವ ಒಂದಂಗುಲದಷ್ಟು ತುಣುಕು ಮಾತ್ರ ಅದರ ಪಾಲಿನ ಪ್ರಪಂಚ. ಆ ತುಣುಕು ಹೇಗೆ ಕುಣಿಯಿತೋ ಅದೇ ಆಂಪ್ಲಿಫೈಯರಿಗೆ ಹೋಗುತ್ತದೆ. ಮಿಕ್ಕ ತಂತಿ ಏನು ಮಾಡಿದರೂ ಲೆಕ್ಕಕ್ಕಿಲ್ಲ.

ಮೀಟಿದ ತಂತಿ ಒಂದೇ ರೀತಿಯಲ್ಲಿ ಕುಣಿಯುವುದಿಲ್ಲವಲ್ಲ. ಇಡಿಯಾಗಿ ಒಂದು ಬಿಲ್ಲಿನ ಹಾಗೆ ತೂಗುತ್ತದೆ, ಅದು ಮೂಲಸ್ವರ. ಅದೇ ಹೊತ್ತಿಗೆ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕುಣಿಯುತ್ತಿರುತ್ತದೆ. ಇವೇ ಹಾರ್ಮಾನಿಕ್‌ಗಳು. ಬೇಸ್ ಗಿಟಾರಿನ ಅತಿ ಮಂದ್ರದ ಇ ತಂತಿಯ ಮೂಲಸ್ವರ ಸೆಕೆಂಡಿಗೆ 41.2 ಕಂಪನ, ಎರಡು ಪಾಲಿನದು 82.4, ನಾಲ್ಕು ಪಾಲಿನದು ಸುಮಾರು 165. ಪಾಲು ಪಾಲಾಗಿ ಕುಣಿಯುವಾಗ ಒಂದು ಪಾಲಿಗೂ ಇನ್ನೊಂದಕ್ಕೂ ನಡುವೆ ಅಲುಗದೇ ನಿಲ್ಲುವ ಜಾಗವಿರುತ್ತದೆ. ಅದನ್ನು ನಿಸ್ಪಂದ ಬಿಂದು ಅನ್ನುತ್ತಾರೆ. ಪಿಕಪ್ ಆ ಬಿಂದುವಿನ ಕೆಳಗೇ ಕೂತರೆ ಅದಕ್ಕೆ ಆ ಹಾರ್ಮಾನಿಕ್ ಇಲ್ಲವೇ ಇಲ್ಲ.

ಪುಸ್ತಕದಲ್ಲಿ ಓದಿದ್ದ ಈ ಮಾತನ್ನು ನಾನು ಕಿವಿಯಾರೆ ನಂಬಿದ್ದು ಆ ಶೆಡ್ಡಿನಲ್ಲಿ. ಫೆಂಡರ್ ಮಾದರಿಯ ಬೇಸಿನಲ್ಲಿ ಕುತ್ತಿಗೆಯ ತುದಿಯ ನಟ್ಟಿನಿಂದ ಕುದುರೆಯವರೆಗೆ ತಂತಿಯ ಉದ್ದ 34 ಅಂಗುಲ, ಅಂದರೆ 86.4 ಸೆಂ.ಮೀ. ಇದರ ಕಾಲು ಭಾಗ 21.6 ಸೆಂ.ಮೀ. ಗೆಳೆಯ ಕುದುರೆಯಿಂದ ಅಷ್ಟು ಅಳೆದು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ, ಪಟ್ಟಿಯನ್ನು ಅದರ ನೇರಕ್ಕೆ ಇಟ್ಟ. ನಾನು ಜಿ ತಂತಿಯನ್ನು ಐದನೆಯ ಫ್ರೆಟ್ಟಿನ ಮೇಲೆ (ವೀಣೆಯವರ ಮಾತಿನಲ್ಲಿ ಐದನೆಯ ಮೆಟ್ಟಿಲ ಮೇಲೆ) ಒತ್ತದೆ, ಉಗುರಿನ ಪಕ್ಕದ ಮಾಂಸದಿಂದ ಸುಮ್ಮನೆ ಸೋಕಿಸಿ, ಮೀಟಿ ಬೆರಳು ತೆಗೆದೆ. ಹೀಗೆ ಮಾಡಿದರೆ ತಂತಿಯಲ್ಲಿ ನಾಲ್ಕು ಪಾಲಿನ ಕಂಪನ ಮತ್ತು ಅದರ ಗುಣಕಗಳು ಮಾತ್ರ ಉಳಿಯುತ್ತವೆ. ಗಂಟೆ ಬಾರಿಸಿದ ಹಾಗೆ ಎಳೆಯ ನಾದ ಹಲಗೆಯಿಂದ ಕೇಳಿಸಿತು. ಆಂಪ್ಲಿಫೈಯರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಬರೀ ಸಣ್ಣ ಗುಂಯ್‌ಗುಡುವಿಕೆ. ತಂತಿ ಇನ್ನೂ ಆಡುತ್ತಿರುವಾಗಲೇ ಗೆಳೆಯ ಪಟ್ಟಿಯನ್ನು ಮೂರು ಬೆರಳಿನಷ್ಟು ಕುದುರೆಯ ಕಡೆಗೆ ಸರಿಸಿದ. ಮುಚ್ಚಿದ್ದ ಬಾಗಿಲು ತೆಗೆದ ಹಾಗೆ ನಾದ ಕೋಣೆ ತುಂಬಿತು. ಮತ್ತೆ ಗೆರೆಗೆ ತಂದ, ಆರಿತು. ಐದಾರು ಸಲ ಹಾಗೇ ಮಾಡಿಸಿದೆ. ಕಣ್ಣೆದುರಿಗೆ ಕುಣಿಯುತ್ತಿರುವ ತಂತಿಯ ಮೇಲೇ ಕಿವುಡಾಗುವ ಒಂದು ಜಾಗವಿದೆ ಎಂಬುದು ನನಗೆ ಇವತ್ತಿಗೂ ರೋಮಾಂಚನ.

ಬೇಸ್ ಕಟ್ಟುವವರ ನಡುವೆ ಒಂದು ನಂಬಿಕೆ ಉಂಟು: ತಂತಿಯ ಇಂಥ ಭಾಗದ ಮೇಲೆ ಪಿಕಪ್ ಕೂರಿಸಿದರೆ ಅದು "ಸರಿಯಾದ" ಜಾಗ, ಹಾರ್ಮಾನಿಕ್ಕಿನ ಹಿತವಾದ ಜಾಗ, ಅಂತ. ಇದು ಬಿಡಿ ತಂತಿಗಾದರೆ ನಿಜ. ಆದರೆ ಬಿಡಿ ತಂತಿಯನ್ನೇ ಮೀಟುತ್ತಾ ಕೂರುವವರು ಯಾರು? ಐದನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ತಂತಿಯ ಉದ್ದ ಮುಕ್ಕಾಲಾಗುತ್ತದೆ. ನಮ್ಮ ಗೆರೆ ಈಗ ಕಾಲು ಭಾಗದಲ್ಲಿಲ್ಲ, ಮೂರನೆಯ ಒಂದು ಭಾಗದಲ್ಲಿದೆ. ನಾಲ್ಕು ಪಾಲಿನ ಕಂಪನ ವಾಪಸು ಬಂತು, ಮೂರು ಪಾಲಿನದು ಹೋಯಿತು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಹಿಡಿದರೆ ತಂತಿ ಅರ್ಧ. ಗೆರೆ ಅದರ ನಟ್ಟನಡುವೆ. ಎರಡು, ನಾಲ್ಕು, ಆರು ಪಾಲಿನ ಎಲ್ಲವೂ ಮಾಯ, ನಾದ ಟೊಳ್ಳು ಬಿದಿರಿನ ಹಾಗೆ. ಪಿಕಪ್ ಕದಲಲಿಲ್ಲ, ತಂತಿಯೇ ಅದರ ಕೆಳಗೆ ಉದ್ದ ಬದಲಿಸಿತು. ಹಾಗಾಗಿ ಒಂದು ಬೇಸಿನ "ದನಿ" ಅಂದರೆ ಒಂದು ನಿಶ್ಚಿತ ಬಣ್ಣವಲ್ಲ. ಸ್ವರದಿಂದ ಸ್ವರಕ್ಕೆ ಬದಲಾಗುತ್ತಲೇ ಇರುವ ಬಣ್ಣಗಳ ಒಂದು ಸಾಲು ಅದು. ಪಿಕಪ್ಪಿನ ಜಾಗ ಆ ಸಾಲನ್ನು ತೀರ್ಮಾನಿಸುತ್ತದೆ. ಪಿಕಪ್ಪಿನ ಜಾಹೀರಾತುಗಳಲ್ಲಿ ಅಯಸ್ಕಾಂತದ ಜಾತಿ, ತಂತಿಯ ಸುತ್ತು ಇವುಗಳ ಮಾತೇ ತುಂಬಿರುತ್ತದೆ. ನನ್ನ ತೀರ್ಮಾನ ಕೇಳಿದರೆ, ಜಾಗ ಮೊದಲು, ಜಾತಿ ಆಮೇಲೆ.

ಅಂಕಿಯಲ್ಲಿ ನೋಡೋಣ. ಕುದುರೆಯಿಂದ 15 ಸೆಂ.ಮೀ. ದೂರದಲ್ಲಿ ಇ ತಂತಿಯ ಮೂಲಸ್ವರದ ಅಲುಗಾಟ ಅದರ ಗರಿಷ್ಠದ ಶೇ. 52ರಷ್ಟು, ನಾಲ್ಕು ಪಾಲಿನದು ಶೇ. 82. ಕುದುರೆಯಿಂದ 6 ಸೆಂ.ಮೀ.ನಲ್ಲಿ ಮೂಲಸ್ವರ ಬರೀ ಶೇ. 22, ನಾಲ್ಕು ಪಾಲಿನದು ಶೇ. 77. ನಾಲ್ಕು ಪಾಲಿನದು ಹೆಚ್ಚು ಕಮ್ಮಿ ಅಷ್ಟೇ ಉಳಿಯಿತು, ಮೂಲಸ್ವರ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಕುದುರೆಯ ಪಕ್ಕದ ದನಿ ತೆಳ್ಳಗೆ ಕೇಳುವುದು ಅಲ್ಲಿ ಮೇಲಿನ ಸ್ವರಗಳು ಜಾಸ್ತಿ ಇರುವುದರಿಂದಲ್ಲ, ಕೆಳಗಿನದು ಕಮ್ಮಿ ಇರುವುದರಿಂದ. ಜೊತೆಗೆ ಪಿಕಪ್ ಅಳೆಯುವುದು ತಂತಿ ಎಷ್ಟು ದೂರ ಅಲುಗಿತು ಎಂಬುದನ್ನಲ್ಲ, ಎಷ್ಟು ವೇಗವಾಗಿ ಅಲುಗಿತು ಎಂಬುದನ್ನು. ಮೇಲಿನ ಹಾರ್ಮಾನಿಕ್‌ಗಳಿಗೆ ವೇಗ ಸಹಜವಾಗಿಯೇ ಹೆಚ್ಚು, ಅವಕ್ಕೆ ಅದೊಂದು ಹೆಚ್ಚುವರಿ ಬಲ.

15 ಮತ್ತು 6 ಎಂಬ ಈ ಎರಡು ಅಂಕಿಗಳನ್ನು ಸುಮ್ಮನೆ ಆರಿಸಿದ್ದಲ್ಲ. ಎಲೆಕ್ಟ್ರಿಕ್ ಬೇಸಿನ ಚರಿತ್ರೆಯ ಬಹುಪಾಲು ಈ ಎರಡು ಜಾಗಗಳ ಆಸುಪಾಸಿನಲ್ಲೇ ನಡೆದಿದೆ.

ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿಗೆ ಇದ್ದುದು ಒಂದೇ ಪಿಕಪ್. 1957ರಲ್ಲಿ ಅವರು ಆ ಪಿಕಪ್ಪನ್ನು ಎರಡು ತುಂಡು ಮಾಡಿದರು. ಇ ಮತ್ತು ಎ ತಂತಿಗೆ ಒಂದು ತುಂಡು, ಡಿ ಮತ್ತು ಜಿ ತಂತಿಗೆ ಇನ್ನೊಂದು; ಎರಡೂ ಒಂದೇ ಸಾಲಿನಲ್ಲಿಲ್ಲ, ಒಂದು ಹಿಂದೆ, ಒಂದು ಮುಂದೆ. ದಪ್ಪ ತಂತಿಗಳ ತುಂಡು ಕುತ್ತಿಗೆಯ ಕಡೆಗೆ, ಸಣ್ಣ ತಂತಿಗಳದು ಕುದುರೆಯ ಕಡೆಗೆ. ಎರಡೂ ಕುದುರೆಯಿಂದ ಸುಮಾರು 13ರಿಂದ 15 ಸೆಂ.ಮೀ. ದೂರದ ಆಸುಪಾಸಿನಲ್ಲಿ. ದಪ್ಪ ತಂತಿಗೆ ಇನ್ನಷ್ಟು ದಪ್ಪ ದನಿ, ಸಣ್ಣದಕ್ಕೆ ಇನ್ನಷ್ಟು ಚುರುಕು. ಕೆಲವು ತಯಾರಕರು ಇದನ್ನು ಉಲ್ಟಾ ಮಾಡಿ ಇಡುತ್ತಾರೆ, ಇ ತಂತಿಗೆ ಬಿಗುವು ಬರಲಿ, ಜಿ ತಂತಿಗೆ ಮೈ ಬರಲಿ ಅಂತ. ಕೇಳಿದಾಗ ಅವರ ಮಾತಿನಲ್ಲೂ ನ್ಯಾಯವಿದೆ ಅನ್ನಿಸುತ್ತದೆ.

ತುಂಡು ಮಾಡಿದ್ದರ ಹಿಂದೆ ಇನ್ನೊಂದು ಚಂದದ ಉಪಾಯವಿದೆ. ಸುರುಳಿ ಸುತ್ತಿದ ಯಾವ ಪಿಕಪ್ಪಾದರೂ ತಂತಿಯನ್ನಷ್ಟೇ ಅಲ್ಲ, ಸುತ್ತಮುತ್ತಲ ಕರೆಂಟಿನ ಗುಂಯ್‌ಕಾರವನ್ನೂ ಹಿಡಿಯುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಇ ತಂತಿಯ ಮೂರನೆಯ ಫ್ರೆಟ್ಟಿನ ಸ್ವರ 49 ಹರ್ಟ್ಸ್! ನಮ್ಮ ಊರಿನ ಬೇಸಿನವರಿಗೆ ಕರೆಂಟೇ ತಂಬೂರಿ ಹಿಡಿದು ಪಕ್ಕದಲ್ಲಿ, ಅದೂ ಸ್ವಲ್ಪ ಅಪಶ್ರುತಿಯಲ್ಲಿ, ಕೂತಂತೆ. ಫೆಂಡರ್ ಎರಡು ತುಂಡುಗಳ ಅಯಸ್ಕಾಂತವನ್ನು ಎದುರುಬದುರು ಮಾಡಿ, ಸುತ್ತನ್ನೂ ಉಲ್ಟಾ ಮಾಡಿದರು. ಹೊರಗಿನಿಂದ ಬಂದ ಗುಂಯ್‌ಕಾರ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ, ಕೂಡಿದರೆ ಸೊನ್ನೆ. ತಂತಿಯ ಸದ್ದಿಗೆ ಅಯಸ್ಕಾಂತ ಮತ್ತು ಸುತ್ತು ಎರಡೂ ಉಲ್ಟಾ ಆದ್ದರಿಂದ ಲೆಕ್ಕ ಮತ್ತೆ ಸರಿಹೋಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರ ಹೊತ್ತಿಗೇ ಇದೇ ತತ್ವದ ಹಂಬಕರ್ ಮಾಡಿದ್ದರು. ಆದರೆ ಅಲ್ಲಿ ಎರಡು ಸುರುಳಿ ಅಕ್ಕಪಕ್ಕ, ಪ್ರತಿ ತಂತಿಯೂ ಎರಡನ್ನೂ ಹಾಯುತ್ತದೆ. ಪ್ರಿಸಿಷನ್ನಿನಲ್ಲಿ ಒಂದು ತಂತಿಗೆ ಒಂದೇ ಜಾಗ. ಕಿವಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಸುರುಳಿಗಳ ನಡುವೆ 2 ಸೆಂ.ಮೀ. ಅಂತರವಿದ್ದರೆ, ಅರ್ಧ ಅಲೆ ಸರಿಯಾಗಿ ಅಷ್ಟೇ ಉದ್ದವಿರುವ ಹಾರ್ಮಾನಿಕ್ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ, ಅಳಿಸಿಹೋಗುತ್ತದೆ. ಇ ತಂತಿಗೆ ಅದು ಸುಮಾರು 1,800 ಹರ್ಟ್ಸಿನಲ್ಲಿ, ಜಿ ತಂತಿಗೆ 4,200ರ ಹತ್ತಿರ. ದಪ್ಪ ತಂತಿಯ ಕಿರಿಕಿರಿ ಹೋಗಿ ನಯವಾಗುವುದು ಹೀಗೆ.

ಪ್ರಿಸಿಷನ್ನಿನ ಜಾಗಕ್ಕೆ ಒಂದು ಮುಖ ಬೇಕೆಂದರೆ ಅದು ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. 1960ರ ದಶಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಅಡಿಪಾಯ ಅವರದು. 1962ರ ಪ್ರಿಸಿಷನ್, ದಪ್ಪನೆಯ, ಮೈ ಚಪ್ಪಟೆಯಾದ ತಂತಿಗಳು, ಅವನ್ನೂ ಬದಲಿಸುತ್ತಿದ್ದುದು ಅಪರೂಪ, ಕುದುರೆಯ ಮುಚ್ಚಳದ ಒಳಗೆ ತಂತಿಗೆ ತಾಗುವ ಫೋಮು. ಮಿಕ್ಕ ಬೆರಳುಗಳನ್ನು ಪಿಕಪ್ಪಿನ ಮೇಲಿದ್ದ ಕ್ರೋಮ್ ಮುಚ್ಚಳದ ಮೇಲೆ ಊರಿ, ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಈ ಒಂದೊಂದೂ ಮೇಲಿನ ಹಾರ್ಮಾನಿಕ್‌ಗಳನ್ನು ಕತ್ತರಿಸುವ ಉಪಾಯ. ಅಷ್ಟೆಲ್ಲ ಕತ್ತರಿಸಿದ ಮೇಲೂ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಎರಡು, ಮೂರು, ನಾಲ್ಕು ಪಾಲಿನ ಕಂಪನಗಳು ಆ ಜಾಗದಲ್ಲಿ ಅಷ್ಟು ಗಟ್ಟಿ. ಇ ತಂತಿಗೆ ಇವು 80ರಿಂದ 165 ಹರ್ಟ್ಸ್, ಅಂದರೆ ಸಣ್ಣ ರೇಡಿಯೋದ ಸ್ಪೀಕರ್ ಸಹ ಹೇಗೋ ಹೊರಡಿಸಬಲ್ಲ ಅಂಚಿಗೆ ಬಂದವು. 41 ಹರ್ಟ್ಸಿನ ಮೂಲಸ್ವರ ಆ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಮೇಲಿನವು ಕೇಳಿದರೆ ನಮ್ಮ ಮೆದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ.

ಇನ್ನು 6 ಸೆಂ.ಮೀ.ನ ಜಾಗ. 1960ರಲ್ಲಿ ಬಂದ ಜಾಜ್ ಬೇಸಿಗೆ ಎರಡು ಒಂಟಿ ಪಿಕಪ್, ಒಂದು ಸುಮಾರು 15 ಸೆಂ.ಮೀ.ನಲ್ಲಿ, ಇನ್ನೊಂದು ಸುಮಾರು 6ರಲ್ಲಿ. 1970ರ ದಶಕದಲ್ಲಿ ಕುದುರೆ ಬದಿಯದನ್ನು ಸುಮಾರು ಒಂದು ಸೆಂಟಿಮೀಟರ್ ಇನ್ನೂ ಕುದುರೆಯ ಕಡೆಗೆ ಸರಿಸಿದರು. ಆ ಒಂದು ಸೆಂಟಿಮೀಟರನ್ನು ಬೇಸಿನವರು ಕಣ್ಣು ಮುಚ್ಚಿ ಗುರುತಿಸುತ್ತಾರೆ. ಎರಡು ಪಿಕಪ್ಪನ್ನೂ ಪೂರ್ತಿ ತೆರೆದಾಗ ಬರುವ ದನಿ ಎರಡರ ಸರಾಸರಿ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ತಿಳಿಯಿತು. ಇ ತಂತಿಯ ಎಂಟು ಪಾಲಿನ ಕಂಪನ, 330 ಹರ್ಟ್ಸ್, 15 ಸೆಂ.ಮೀ.ನಲ್ಲಿ ಕೆಳಗೆ ಹೋಗುವಾಗ 6ರಲ್ಲಿ ಮೇಲೆ ಬರುತ್ತದೆ, ಅದೂ ಹೆಚ್ಚು ಕಡಿಮೆ ಸಮಬಲದಲ್ಲಿ. ಎರಡು ಪಿಕಪ್ಪಿನಲ್ಲೂ ಜೋರಾಗಿರುವ ಸ್ವರ ಎರಡೂ ಸೇರಿದಾಗ ಇಲ್ಲವಾಗುತ್ತದೆ. ಏಳು ಪಾಲಿನದೂ ಸಾಕಷ್ಟು ಸವೆಯುತ್ತದೆ. ನಡುವೆ ತೋಡಿ ತೆಗೆದಂಥ ಆ ದನಿ, ಕೆಳಗೆ ಗುಂಡಗೆ, ಮೇಲೆ ಮಿಂಚು, ಹುಟ್ಟುವುದು ಈ ಕಳೆಯುವ ಲೆಕ್ಕದಿಂದ.

ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಕುದುರೆ ಬದಿಯ ಪಿಕಪ್ಪನ್ನೇ ನೆಚ್ಚಿದರು. ಫ್ರೆಟ್ಟುಗಳನ್ನು ಕಿತ್ತಿದ್ದ ತಮ್ಮ 1962ರ ಜಾಜ್ ಬೇಸಿನ ಮರಕ್ಕೆ ಎಪಾಕ್ಸಿ ಬಳಿದು, ಮೀಟುವುದನ್ನೂ ಆ ಪಿಕಪ್ಪಿನ ಮೇಲೇ ಮೀಟಿದರು. 1976ರ ಅವರ ಮೊದಲ ಆಲ್ಬಮ್ಮಿನಲ್ಲಿ "ಪೋರ್ಟ್ರೇಟ್ ಆಫ್ ಟ್ರೇಸಿ" ಎಂಬ ರಚನೆಯಿದೆ. ತಂತಿಯನ್ನು ಸೋಕಿಸಿ ತೆಗೆದ ಹಾರ್ಮಾನಿಕ್‌ಗಳಿಂದಲೇ ಅದರ ಬಹುಭಾಗ ಕಟ್ಟಿದ್ದು. ಶೆಡ್ಡಿನಲ್ಲಿ ನಮ್ಮ ಪಿಕಪ್ ಕಿವುಡಾಗಿತ್ತಲ್ಲ, ಆ ತೊಂದರೆ ಅಲ್ಲಿ ಇಲ್ಲ. 6 ಸೆಂ.ಮೀ. ಅಂದರೆ ತಂತಿಯ ಸುಮಾರು ಹದಿನಾಲ್ಕನೆಯ ಒಂದು ಭಾಗ. ಹದಿನಾಲ್ಕು ಪಾಲಿನದಕ್ಕಿಂತ ಕೆಳಗಿನ ಯಾವ ಹಾರ್ಮಾನಿಕ್ಕಿಗೂ ಅಲ್ಲಿ ನಿಸ್ಪಂದ ಬಿಂದು ಬೀಳುವುದಿಲ್ಲ. ಮೂಲಸ್ವರವನ್ನು ಬಿಟ್ಟುಕೊಟ್ಟು ಉಳಿದೆಲ್ಲವನ್ನೂ ಪಡೆದ ಜಾಗ ಅದು.

ಇಲ್ಲಿ ನನಗೆ ಸಿ. ವಿ. ರಾಮನ್ ನೆನಪಾಗುತ್ತಾರೆ, ವಿನಾಕಾರಣವಲ್ಲ. ತಂತಿಯನ್ನು ನಿಸ್ಪಂದ ಬಿಂದುವಿನಲ್ಲಿ ಮೀಟಿದರೆ ಆ ಹಾರ್ಮಾನಿಕ್ ಹುಟ್ಟುವುದೇ ಇಲ್ಲ ಎಂದು 1800ರ ಸುಮಾರಿಗೆ ವಿಜ್ಞಾನಿ ಥಾಮಸ್ ಯಂಗ್ ತೋರಿಸಿದ್ದರು. ಎಲ್ಲಿ ಮೀಟಿದೆ, ಎಲ್ಲಿ ಕೇಳಿದೆ, ಎರಡಕ್ಕೂ ಲೆಕ್ಕ ಒಂದೇ. ಒಂದನ್ನು ಇನ್ನೊಂದರಿಂದ ಗುಣಿಸಿದರೆ ಬೇಸಿನ ದನಿ. ರಾಮನ್ ಕೋಲ್ಕತ್ತಾದಲ್ಲಿದ್ದಾಗ, 1921ರಲ್ಲಿ, ನಮ್ಮ ವೀಣೆ ಮತ್ತು ತಂಬೂರಿ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ಬರೆದರು. ಎಲ್ಲಿ ಮೀಟಿದರೂ ಆ ವಾದ್ಯಗಳಲ್ಲಿ ಆ ಹಾರ್ಮಾನಿಕ್‌ಗಳೂ ಎದ್ದು ಕೇಳುತ್ತವೆ. ಕಾರಣ ಅವುಗಳ ಅಗಲವಾದ, ಮೆಲ್ಲಗೆ ಬಾಗಿದ ಕುದುರೆ. ತಂತಿ ಅದರ ಮೈ ಸವರುತ್ತಾ ಆಡುವಾಗ ಕಂಪನಗಳು ಒಂದರಿಂದ ಇನ್ನೊಂದಕ್ಕೆ ಹಂಚಿಹೋಗುತ್ತವೆ. ಬೇಸಿನ ಕುದುರೆಗೆ ಚೂಪಾದ ಏಣು, ಅಲ್ಲಿ ಯಂಗ್ ನಿಯಮ ಚೆನ್ನಾಗಿಯೇ ನಡೆಯುತ್ತದೆ. ಆದರೆ ಫ್ರೆಟ್ಟು ಕಿತ್ತ ಬೇಸಿನಲ್ಲಿ ಬೆರಳಿನ ಮುಂದೆ ತಂತಿ ಮರದ ಹಲಗೆಯನ್ನು ಸವರುತ್ತದೆ, ತಂಬೂರಿಯ ಕುದುರೆಯನ್ನು ಸವರಿದ ಹಾಗೆ. ಜಾಕೋ ಅವರ ಸ್ವರ ಹುಟ್ಟಿದ ಮೇಲೆ ಅರಳುವುದು, ಬಾಯಿ ತೆರೆಯುವಂತೆ ನಿಧಾನ ಬಿಚ್ಚಿಕೊಳ್ಳುವುದು ಇದರಿಂದ. ಕುತ್ತಿಗೆ ಬದಿಯಲ್ಲಿ ಕೇಳಿದ್ದರೆ ಆ ಅರಳುವಿಕೆಯ ಬಹುಪಾಲು ಮೂಲಸ್ವರದ ಕೆಳಗೆ ಮುಚ್ಚಿಹೋಗುತ್ತಿತ್ತು.

ಜಾಗ ಮೊದಲು ಅಂದೆ. ಜಾತಿ ಲೆಕ್ಕಕ್ಕಿಲ್ಲ ಅಂತಲ್ಲ. ಸುರುಳಿಗೂ ಕೇಬಲ್ಲಿಗೂ ಸೇರಿ ಒಂದು ಅನುರಣನ ಇರುತ್ತದೆ, ಸಾಮಾನ್ಯವಾಗಿ 2ರಿಂದ 4 ಸಾವಿರ ಹರ್ಟ್ಸಿನ ಆಸುಪಾಸು. ಅದರ ಮೇಲಿನದೆಲ್ಲ ಸೋರಿಹೋಗುತ್ತದೆ. ಸುತ್ತು ಹೆಚ್ಚಿದಷ್ಟೂ ಸದ್ದು ಜೋರು, ಆದರೆ ಈ ಅನುರಣನ ಕೆಳಕ್ಕಿಳಿದು ದನಿ ಮಂಕು. ಗಿಬ್ಸನ್ನಿನ ಇಬಿ ಸರಣಿಯ ಬೇಸುಗಳ ದೊಡ್ಡ ಪಿಕಪ್ಪಿನ ಸುರುಳಿಗಳ ರೋಧ ಸುಮಾರು 30 ಸಾವಿರ ಓಮ್, ಪ್ರಿಸಿಷನ್ನಿನದು ಅದರ ಮೂರನೆಯ ಒಂದರಷ್ಟು. ಇಬಿಯ ಆ ಪಿಕಪ್ಪನ್ನು ಕುತ್ತಿಗೆಗೆ ಅಂಟಿಸಿಯೇ ಇಟ್ಟಿದ್ದರು, ತಂತಿಯೂ ಗಿಡ್ಡ, 30.5 ಅಂಗುಲ. ಜಾಗ, ಜಾತಿ ಎರಡೂ ಒಂದೇ ದಿಕ್ಕಿಗೆ ಎಳೆದ ಉದಾಹರಣೆ ಅದು. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ಅವರ ಕೈಯಲ್ಲಿ ಅದರ ಗುಡುಗು ಅದ್ಭುತ. ಬೇರೆಯವರ ಕೈಯಲ್ಲಿ ಬಹಳ ಸಲ ಕೆಸರು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇದಕ್ಕೆ ಎದುರು. ಹಂಬಕರನ್ನು ಕುದುರೆಯ ಕಡೆಗೆ ತಂದು, ಬ್ಯಾಟರಿ ಹಾಕಿದ ಪ್ರಿಆಂಪನ್ನು ಒಡಲಿನೊಳಗೇ ಕೂರಿಸಿ, ಉದ್ದ ಕೇಬಲ್ಲಿನಲ್ಲಿ ಸೋರುವುದನ್ನು ತಡೆದರು.

ಪಿಕಪ್ಪಿನ ಎತ್ತರವೂ ಉಂಟು. ಅದಕ್ಕೆ ಸ್ಕ್ರೂಡ್ರೈವರ್ ಸಾಕು. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಹಿಡಿಯುತ್ತದೆ, ಸ್ವರ ಬೇಗ ಸಾಯುತ್ತದೆ, ಶ್ರುತಿ ಒಡೆದಂತೆ ತೊನೆಯುತ್ತದೆ. ಕಾಲು ಸುತ್ತು ಇಳಿಸಿದರೆ ಸರಿಹೋಗುತ್ತದೆ. ಎತ್ತರ ತಿದ್ದಬಹುದು, ಪಿಕಪ್ಪನ್ನು ಬದಲಿಸಬಹುದು, ತಂತಿಯನ್ನಂತೂ ಬೇಕಾದಾಗ ಬದಲಿಸಬಹುದು. ಕೊರೆದ ಗುಳಿ ಮಾತ್ರ ಕೊರೆದ ಜಾಗದಲ್ಲೇ ಇರುತ್ತದೆ.

ಆ ಸಂಜೆ ಕತ್ತಲಾಗುವವರೆಗೂ ಪಟ್ಟಿ ಸರಿಸಿದೆವು. ಗೆಳೆಯ ನುಡಿಸುವುದು ಸುಗಮ ಸಂಗೀತದ ತಂಡಕ್ಕೆ, ಹಾರ್ಮೋನಿಯಂ ಮತ್ತು ತಬಲಾದ ಜೊತೆಗೆ. ಅಲ್ಲಿ ತಬಲಾದ ಎಡಗೈ ವಾದ್ಯವಾದ ಬಾಯಾದ ಗುಮುಕು ಬೇಸಿನ ಕೆಳಗಿನ ಜಾಗವನ್ನು ಆಗಲೇ ಹಿಡಿದಿರುತ್ತದೆ, ಹಾಡುವವರ ದನಿ ಮೇಲಿನದನ್ನು. ಕುತ್ತಿಗೆಯ ಅಂಚಿನ ಮೆತ್ತನೆಯ ದನಿ ಅವನಿಗೆ ಒಬ್ಬನೇ ಕೂತು ಕೇಳುವಾಗ ಬಹಳ ಹಿಡಿಸಿತ್ತು. ಮೊಬೈಲಿನಲ್ಲಿ ತಂಡದ ಒಂದು ರೆಕಾರ್ಡಿಂಗ್ ಹಾಕಿ ಅದರ ಜೊತೆಗೆ ನುಡಿಸಿದಾಗ ಅದು ಬಾಯಾದ ಹಿಂದೆ ಕರಗಿಹೋಯಿತು. 6 ಸೆಂ.ಮೀ. ಜಾಗ ಹಾಡಿಗೆ ಅಡ್ಡ ಬಂತು. ಕೊನೆಗೆ ಅವನು ನಿಂತದ್ದು 14ರ ಹತ್ತಿರ. ಅಲ್ಲಿ ಬಿಡಿ ತಂತಿ, ಐದನೆಯ ಫ್ರೆಟ್ಟು, ಹನ್ನೆರಡನೆಯದು, ಮೂರನ್ನೂ ನಾಲ್ಕು ತಂತಿಯಲ್ಲಿ ನುಡಿಸಿ ನೋಡಿದ. ಎರಡು ಮಿಲಿಮೀಟರ್ ಕುತ್ತಿಗೆಯ ಕಡೆಗೆ ತಂದ. ಮತ್ತೆ ನುಡಿಸಿದ. ಆಮೇಲೆ ತಂತಿಗಳನ್ನೆಲ್ಲ ಸಡಿಲಿಸಿ, ಬದಿಗೆ ಸರಿಸಿ, ಹಲಗೆಯ ಮೇಲೆ ಪೆನ್ಸಿಲ್ ಗೆರೆಯನ್ನು ಮೂಲಮಟ್ಟ ಹಿಡಿದು ನೇರ ಮಾಡಿ, ಉಳಿಯನ್ನು ಕೈಗೆತ್ತಿಕೊಂಡ.